ಪ್ರೌಢಶಾಲೆಯ ಮಕ್ಕಳಿಗೆ ಇಂಜಿನಿಯರಿಂಗ್‌ನ ಮೂಲ ಪರಿಕಲ್ಪನೆಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು?

ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಓಮನ ನಿಯಮವನ್ನು (ವೋಲ್ಟೇಜ್ = ಕರೆಂಟ್ × ರೋಧ) ಒಂದಕ್ಷರ ತಪ್ಪದೆ ಹೇಳುತ್ತಾರೆ, ಸೂತ್ರ ಹಾಕಿ ಲೆಕ್ಕವನ್ನೂ ಬಿಡಿಸುತ್ತಾರೆ. ಆದರೆ ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣ ಮನೆಯ ಬಲ್ಬು ಏಕೆ ಮಂಕಾಗುತ್ತದೆ ಎಂದು ಕೇಳಿದರೆ, ಆ ನಿಯಮಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ.

ದಾನಿಗಳೊಬ್ಬರು ಶಾಲೆಗೆ ಸಂವೇದಕ (ಸೆನ್ಸರ್), ಸಣ್ಣ ಮೋಟಾರು, ಸರ್ಕ್ಯೂಟ್ ಬೋರ್ಡ್‌ಗಳಿರುವ ಪೆಟ್ಟಿಗೆಯೊಂದನ್ನು ಕೊಟ್ಟಿದ್ದಾರೆ. ಪುಸ್ತಕದ ಚಿತ್ರ ನೋಡಿಕೊಂಡು ಮಕ್ಕಳು ತಂತಿ ಜೋಡಿಸುತ್ತಾರೆ, ದೀಪ ಮಿನುಗುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಒಂದು ಸೆಲ್ ಬದಲು ಎರಡು ಹಾಕಿದರೆ ಏನಾಗಬಹುದು ಎಂದು ಕೇಳಿದೊಡನೆ ತರಗತಿ ಸುಮ್ಮನಾಗುತ್ತದೆ. ಶನಿವಾರದ ಒಂದು ಅವಧಿಯನ್ನು ಇದಕ್ಕೆಂದೇ ಬಳಸಲು ಮುಖ್ಯ ಶಿಕ್ಷಕರು ಅನುಮತಿ ಕೊಟ್ಟಿದ್ದಾರೆ. ಬಲ ಮತ್ತು ಭಾರ, ಶಕ್ತಿಯ ಪರಿವರ್ತನೆ, ನೀರು ಹಾಗೂ ವಿದ್ಯುತ್ತಿನ ಹರಿವು, ಅಳತೆ, ನಿಯಂತ್ರಣ ಇವಿಷ್ಟನ್ನು ನಾನು ಪಟ್ಟಿ ಮಾಡಿಕೊಂಡಿದ್ದೇನೆ. ಇದರಲ್ಲಿ ಬಿಟ್ಟುಹೋಗಿರುವುದು ಏನು, ಎಲ್ಲಿಂದ ಆರಂಭಿಸಬೇಕು, ಪ್ರಯೋಗಾಲಯವಿಲ್ಲದ ಶಾಲೆಯಲ್ಲಿ ಯಾವುದನ್ನು ಕೈಯಿಂದ ಮಾಡಿಸಬಹುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ನಿವೃತ್ತ ಇಂಜಿನಿಯರ್, ಸಾಗರ

ಮೇಡಂ, ಶಕ್ತಿಯಿಂದ ಆರಂಭಿಸಿ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಜೋಗದ ಎತ್ತರ 253 ಮೀಟರ್ ಎಂಬುದು ಎಲ್ಲರಿಗೂ ಗೊತ್ತು. ಮನೆಯ ಮೇಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕು ಕೂಡ ಎಲ್ಲರೂ ಕಂಡದ್ದೇ. ಆ ಒಂದು ಟ್ಯಾಂಕು ನೀರು ಜೋಗದ ನೆತ್ತಿಯಿಂದ ಕೆಳಗೆ ಬಿದ್ದರೆ ಎಷ್ಟು ಶಕ್ತಿ ಸಿಗುತ್ತದೆ ಎಂದು ಕೇಳಿ. ಸಾವಿರ ಕಿಲೋಗ್ರಾಂ, ಗುರುತ್ವ 9.8, ಎತ್ತರ 253. ಗುಣಿಸಿದರೆ ಸುಮಾರು 24.8 ಲಕ್ಷ ಜೌಲ್. ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಅಂದರೆ ಇಡೀ ಟ್ಯಾಂಕು ನೀರಿನಿಂದ ಒಂದು ಯೂನಿಟ್ ಕೂಡ ಬರುವುದಿಲ್ಲ, 0.69 ಯೂನಿಟ್ ಮಾತ್ರ. ಅಷ್ಟರಲ್ಲೇ 9 ವ್ಯಾಟಿನ ಎಲ್‌ಇಡಿ ಬಲ್ಬೊಂದು ಮೂರು ದಿನಕ್ಕೂ ಮಿಕ್ಕಿ ಉರಿಯುತ್ತದೆ. ಅದೇ ನೀರು ಐದು ಮೀಟರ್ ಎತ್ತರದ ಮನೆಯ ಮಾಡಿನಿಂದ ಇಳಿದರೆ ಆ ಬಲ್ಬು ಉರಿಯುವುದು ಒಂದೂವರೆ ಗಂಟೆ. ಇದನ್ನು ಒಮ್ಮೆ ತಾವೇ ಲೆಕ್ಕ ಹಾಕಿದ ಮಗುವಿಗೆ ಎತ್ತರ ಮತ್ತು ಪ್ರಮಾಣ ಎರಡೂ ಏಕೆ ಬೇಕು ಎಂದು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಎರಡನೆಯದಾಗಿ, ಸಾಮರ್ಥ್ಯ ಮತ್ತು ಶಕ್ತಿಯ ವ್ಯತ್ಯಾಸ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್, 103.5 ಮೆಗಾವ್ಯಾಟಿನ ಹತ್ತು ಘಟಕಗಳು. ಇದು ಒಂದು ಕ್ಷಣದಲ್ಲಿ ಎಷ್ಟು ವೇಗವಾಗಿ ಶಕ್ತಿ ಕೊಡಬಲ್ಲದು ಎಂಬುದರ ಅಳತೆ. ಎಷ್ಟು ಹೊತ್ತು ಕೊಟ್ಟಿತು ಎಂಬುದು ಸೇರಿದಾಗ ಮಾತ್ರ ಯೂನಿಟ್ ಲೆಕ್ಕ ಬರುತ್ತದೆ. ಪತ್ರಿಕೆಗಳಲ್ಲಿಯೂ ಇವೆರಡನ್ನು ಬೆರೆಸಿ ಬರೆಯುವುದುಂಟು, ಆದ್ದರಿಂದ ಮಕ್ಕಳಿಗೆ ಮೊದಲೇ ಬಿಡಿಸಿ ಹೇಳುವುದು ಒಳ್ಳೆಯದು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಶರಾವತಿಯ ಲಿಂಗನಮಕ್ಕಿ ಜಲಾಶಯದಿಂದ ಹೊರಟ ನೀರು ಮೊದಲು ಅಣೆಕಟ್ಟಿನ ಬುಡದಲ್ಲಿರುವ 55 ಮೆಗಾವ್ಯಾಟಿನ ವಿದ್ಯುದಾಗಾರವನ್ನು ದಾಟಿ, ಕಾಲುವೆಯಲ್ಲಿ ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಕಣಿವೆಯಲ್ಲಿರುವ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅನಂತರ ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ 240 ಮೆಗಾವ್ಯಾಟಿಗೆ ದುಡಿಯುತ್ತದೆ. ಬುಡದ ವಿದ್ಯುದಾಗಾರದಲ್ಲಿ ಎತ್ತರ ಕಡಿಮೆ, ನೀರು ಹೆಚ್ಚು, ಆದ್ದರಿಂದ ಅಲ್ಲಿ ಕಪ್ಲಾನ್ ಎಂಬ ಬಗೆಯ ಚಕ್ರ (ಟರ್ಬೈನ್) ಇದೆ. ಅದರ ರೆಕ್ಕೆಗಳು ನೀರಿನಲ್ಲಿ ಪೂರ್ತಿ ಮುಳುಗಿದ್ದು, ಅವುಗಳ ಓರೆಯನ್ನು ಹೊಂದಿಸಬಹುದು. ಕಣಿವೆಯ ವಿದ್ಯುದಾಗಾರದಲ್ಲಿ ಎತ್ತರ ಬಹಳ, ಆದ್ದರಿಂದ ಪೆಲ್ಟನ್ ಚಕ್ರ. ಸಣ್ಣ ಬಾಯಿಯಿಂದ ಚಿಮ್ಮುವ ನೀರು ಚಕ್ರದ ಅಂಚಿನ ಬಟ್ಟಲುಗಳಿಗೆ ಹೊಡೆದು ತಿರುಗಿಸುತ್ತದೆ. ನೀರು ಅದೇ, ನದಿಯೂ ಅದೇ, ಆದರೂ ಚಕ್ರ ಬೇರೆ. ಶಕ್ತಿ ಎಷ್ಟಿದೆ ಎಂದು ವಿಜ್ಞಾನ ಹೇಳುತ್ತದೆ. ಈ ಜಾಗಕ್ಕೆ ಯಾವ ಚಕ್ರ ಸರಿ ಎಂದು ತೀರ್ಮಾನಿಸುವುದು ಇಂಜಿನಿಯರಿಂಗ್. ಈ ಭೇದ ತಿಳಿಯದೆ ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೇರುವವರು ಬಹಳ ಮಂದಿ ಇದ್ದಾರೆ.

ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಸರ್, ನಿಮ್ಮ 0.69 ಯೂನಿಟ್ ಲೆಕ್ಕದಲ್ಲಿ ನಷ್ಟವನ್ನು ಕಳೆದಿಲ್ಲ.

ನಿವೃತ್ತ ಇಂಜಿನಿಯರ್, ಸಾಗರ

ಬೇಕೆಂದೇ ಕಳೆದಿಲ್ಲ. ಎಂಟನೇ ತರಗತಿಯ ಮಗು ಮೊದಲು ಗರಿಷ್ಠ ಎಷ್ಟು ಸಿಗಬಹುದು ಎಂದು ತಿಳಿಯಬೇಕು, ಆಮೇಲೆ ನಿಜವಾಗಿ ಎಷ್ಟು ಸಿಕ್ಕಿತು ಎಂದು ಅಳೆಯಬೇಕು. ಎರಡರ ನಡುವಿನ ಅಂತರ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯೇ ದಕ್ಷತೆಯ ಪಾಠ. ದೊಡ್ಡ ವಿದ್ಯುದಾಗಾರದಲ್ಲಿ ಚಕ್ರ ಮತ್ತು ಜನರೇಟರ್ ಸೇರಿ ಸುಮಾರು ಶೇ. 90ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸುತ್ತವೆ. ಸಣ್ಣ ಯಂತ್ರಗಳಲ್ಲಿ ಅರ್ಧ ಉಳಿದರೂ ಸಮಾಧಾನಪಡಬೇಕು.

ತೋಟದ ಮನೆ, ಕೊಪ್ಪ

ಆ ಅರ್ಧದ ಲೆಕ್ಕಕ್ಕೆ ನಮ್ಮ ಮನೆಯೇ ಸಾಕ್ಷಿ. ನಮ್ಮ ತೋಟದ ಮೇಲಿನ ಹಳ್ಳಕ್ಕೆ ಕಿರು ಜಲವಿದ್ಯುತ್ ಯಂತ್ರ ಕೂರಿಸಿದ್ದೇವೆ. ಮಲೆನಾಡಿನ ಒಂಟಿಮನೆಗಳಲ್ಲಿ ಇಂತಹ ಯಂತ್ರಗಳು ಸಾಕಷ್ಟಿವೆ, ಮಳೆಗಾಲ ಹಿಡಿದಾಗಿನಿಂದ ಹಳ್ಳ ಸೊರಗುವವರೆಗೆ ಅವು ನಡೆಯುತ್ತವೆ. ಶಿಕ್ಷಕರು ಮಕ್ಕಳನ್ನು ಇಂತಹ ಒಂದು ಮನೆಗೆ ಕರೆದುಕೊಂಡು ಹೋದರೆ ಮೇಡಂ ಹಾಕಿದ ಪಟ್ಟಿಯ ಎಲ್ಲ ಅಂಶಗಳೂ ಒಂದೇ ಕಡೆ ಸಿಗುತ್ತವೆ.

ಹೇಗೆ ಅಳೆಯುವುದು ಎಂದು ಹೇಳುತ್ತೇನೆ. ಎತ್ತರವನ್ನು ಅಳೆಯಲು ಗಾರೆಯವರು ಬಳಸುವ ಪಾರದರ್ಶಕ ನೀರಿನ ನಳಿಕೆ ಮತ್ತು ಒಂದು ಕೋಲು ಸಾಕು. ನಳಿಕೆಯ ಎರಡೂ ತುದಿಗಳಲ್ಲಿ ನೀರಿನ ಮಟ್ಟ ಒಂದೇ ಇರುತ್ತದೆಯಾದ್ದರಿಂದ, ಗುಡ್ಡದ ಇಳಿಜಾರಿನಲ್ಲಿ ಹಂತ ಹಂತವಾಗಿ ಇಳಿಯುತ್ತ, ಪ್ರತಿ ಹಂತದಲ್ಲೂ ಕೋಲಿನ ಮೇಲೆ ಸಿಕ್ಕ ವ್ಯತ್ಯಾಸವನ್ನು ಕೂಡಿಸುತ್ತ ಬಂದರೆ ಒಟ್ಟು ಎತ್ತರ ದೊರೆಯುತ್ತದೆ. ಹರಿವನ್ನು ಅಳೆಯಲು ಬಕೆಟ್ ಬಳಸಬೇಡಿ, ಎರಡೇ ಸೆಕೆಂಡಿನಲ್ಲಿ ತುಂಬಿದರೆ ಗಡಿಯಾರ ಒತ್ತುವುದರಲ್ಲೇ ಲೆಕ್ಕ ಕೆಡುತ್ತದೆ. 200 ಲೀಟರಿನ ಡ್ರಮ್ ಇಡಿ. ಅದು 20 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಎತ್ತರ 20 ಮೀಟರ್ ಇದ್ದರೆ 9.8ರಿಂದ ಗುಣಿಸಿ, 1,960 ವ್ಯಾಟ್. ಕೈಗೆ ಬರುವುದು ಒಂದು ಕಿಲೋವ್ಯಾಟ್ ಆಸುಪಾಸು. ಮನೆಯ ದೀಪಗಳು, ಟಿ.ವಿ., ಒಂದೆರಡು ಫ್ಯಾನುಗಳಿಗೆ ಅದು ಧಾರಾಳ.

ಇನ್ನು ನಿಯಂತ್ರಣ. ಚಕ್ರಕ್ಕೆ ನೀರು ಒಂದೇ ಸಮನೆ ಬೀಳುತ್ತಿರುತ್ತದೆ. ಮನೆಯವರು ದೀಪ ಆರಿಸಿದರೆ ಯಂತ್ರದ ಮೇಲಿನ ಭಾರ ಇಳಿಯುತ್ತದೆ, ಚಕ್ರದ ವೇಗ ಏರುತ್ತದೆ, ವೋಲ್ಟೇಜೂ ಏರಿ ಉಳಿದ ಬಲ್ಬುಗಳು ಸುಟ್ಟುಹೋಗಬಹುದು. ಅದನ್ನು ತಡೆಯಲು ಗೋಡೆಯ ಮೇಲೊಂದು ಪೆಟ್ಟಿಗೆ ಇದೆ. ಅದು ವೋಲ್ಟೇಜನ್ನು ಗಮನಿಸುತ್ತಲೇ ಇದ್ದು, ಮನೆಗೆ ಬೇಡವಾದ ವಿದ್ಯುತ್ತನ್ನು ಬಚ್ಚಲಿನ ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ. ರಾತ್ರಿ ಎಲ್ಲರೂ ಮಲಗಿ ದೀಪಗಳು ಆರಿದ ಮೇಲೆ ನಮ್ಮ ಬಚ್ಚಲಿನ ನೀರು ಚೆನ್ನಾಗಿ ಕಾಯುವುದು ಇದೇ ಕಾರಣಕ್ಕೆ. ಅಳೆ, ಹೋಲಿಸು, ಸರಿಪಡಿಸು, ಮತ್ತೆ ಅಳೆ ಎಂಬ ಸರಣಿ ಅಲ್ಲಿ ಕಣ್ಣೆದುರೇ ನಡೆಯುತ್ತದೆ. ಮಗು ಸ್ವಿಚ್ ಒತ್ತಿದರೆ ಮೀಟರಿನ ಮುಳ್ಳು ಒಮ್ಮೆ ನಡುಗಿ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುವುದನ್ನು ನೋಡಬಹುದು.

ಬೆಂಗಳೂರಿನಲ್ಲಿರುವ ತೀರ್ಥಹಳ್ಳಿಯವನು

ಇಲ್ಲಿಯವರೆಗಿನ ಉತ್ತರಗಳನ್ನು ಓದಿ ನನಗೆ ಸ್ವಲ್ಪ ಆತಂಕವಾಗಿದೆ, ಆದ್ದರಿಂದ ನೇರವಾಗಿ ಹೇಳುತ್ತೇನೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಅಲ್ಲಿ ಆರನೇ ತರಗತಿಯ ಮಕ್ಕಳೇ ತ್ರೀಡಿ ಪ್ರಿಂಟರ್ ಮತ್ತು ಮೈಕ್ರೋಕಂಟ್ರೋಲರ್ (ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್) ಬಳಸುತ್ತಾರೆ. ಪಟ್ಟಣದ ಮಕ್ಕಳು ಕೋಡ್ ಬರೆಯುತ್ತಿರುವಾಗ ನಮ್ಮ ಮಕ್ಕಳಿಗೆ ಹಳ್ಳದ ನೀರು, ರಾಟೆ, ಸನ್ನೆಗಳನ್ನೇ ಹೇಳುತ್ತ ಕುಳಿತರೆ ಅವರನ್ನು ನಾವೇ ಹಿಂದೆ ಉಳಿಸಿದಂತಾಗುವುದಿಲ್ಲವೇ? ಮೇಡಂ ಅವರ ಶಾಲೆಗೆ ಪೆಟ್ಟಿಗೆ ಬಂದಿದೆ. ಅದನ್ನು ಬೀರುವಿನಲ್ಲಿಡುವ ಬದಲು ಅದರಿಂದಲೇ ಆರಂಭಿಸಬೇಕು. ಇಂದಿನ ಯಂತ್ರಗಳೆಲ್ಲ ಸಂವೇದಕ ಮತ್ತು ತಂತ್ರಾಂಶದಿಂದಲೇ ನಡೆಯುವಂಥವು.

ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಪೆಟ್ಟಿಗೆ ಬೀರುವಿನಲ್ಲಿ ಇಲ್ಲ, ಮೇಜಿನ ಮೇಲೆಯೇ ಇದೆ. ನನ್ನ ಚಿಂತೆ ಕ್ರಮದ ಬಗ್ಗೆ. ಸಂವೇದಕ ಒಂದು ಅಂಕಿ ತೋರಿಸಿದಾಗ ಅದು ನಂಬಲರ್ಹವೇ ಎಂದು ಮಗು ಕೇಳಬೇಕು. ಆ ಪ್ರಶ್ನೆ ಹುಟ್ಟಬೇಕಾದರೆ ಅದಕ್ಕೂ ಮೊದಲು ಕೈಯಾರೆ ಏನನ್ನಾದರೂ ಅಳೆದಿರಬೇಕು ಎಂದು ನನಗನ್ನಿಸುತ್ತದೆ.

ಕಾರ್ಖಾನೆಯ ನಿವೃತ್ತ ಕಾರ್ಮಿಕ, ಭದ್ರಾವತಿ

ಮೇಡಂ, ನಿಮ್ಮ ಪಟ್ಟಿಯಲ್ಲಿ ವಸ್ತುವೇ ಇಲ್ಲ. ಯಾವ ಯಂತ್ರವಾದರೂ ಏನಾದರೊಂದರಿಂದ ಮಾಡಿದ್ದೇ ತಾನೇ? ಯಾವುದರಿಂದ ಮಾಡಬೇಕು ಎಂಬುದನ್ನು ಬಿಟ್ಟು ಬಲ, ಭಾರ ಎಂದರೆ ಅರ್ಧ ಪಾಠವಾಗುತ್ತದೆ.

ನಮ್ಮೂರಿನ ಕಾರ್ಖಾನೆಯ ಚರಿತ್ರೆಯೇ ಒಂದು ಒಳ್ಳೆಯ ಪಾಠ. 1923ರಲ್ಲಿ ಇಲ್ಲಿ ಕಬ್ಬಿಣ ತಯಾರಿಕೆ ಆರಂಭವಾದಾಗ ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಆದರೆ ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ. ಆದ್ದರಿಂದ ಮಲೆನಾಡಿನ ಕಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಇದ್ದಿಲು ಅಲ್ಲಿ ಎರಡು ಕೆಲಸ ಮಾಡುತ್ತದೆ: ಉರಿದು ಶಾಖ ಕೊಡುತ್ತದೆ, ಜೊತೆಗೆ ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ಕಟ್ಟಿಗೆಯನ್ನು ಇದ್ದಿಲು ಮಾಡುವಾಗ ಬರುವ ಆವಿಯನ್ನೂ ವ್ಯರ್ಥ ಮಾಡದೆ ತಂಪುಮಾಡಿ ರಾಸಾಯನಿಕಗಳನ್ನು ಪಡೆಯುತ್ತಿದ್ದರು. ಮುಂದೆ ಜೋಗದ ವಿದ್ಯುತ್ ದೊರೆತ ಮೇಲೆ ವಿದ್ಯುತ್ ಕುಲುಮೆಗಳು ಬಂದವು. ಕೈಗೆಟಕುವ ಸಂಪನ್ಮೂಲ ಯಾವುದು, ಅದರ ಬೆಲೆ ಏನು, ಅದಕ್ಕಾಗಿ ಎಷ್ಟು ಕಾಡು ಹೋಯಿತು ಎಂಬುದೆಲ್ಲ ಸೇರಿದ ತೀರ್ಮಾನ ಅದು. ಮಕ್ಕಳು ಇದರ ಎರಡೂ ಮುಖಗಳನ್ನು ಚರ್ಚಿಸಬೇಕು.

ತರಗತಿಯಲ್ಲಿ ಮಾಡಲು ಒಂದು ಪ್ರಯೋಗ ಹೇಳುತ್ತೇನೆ, ಶಿಕ್ಷಕರೇ ಮಾಡಿ ತೋರಿಸಬೇಕು, ಕಣ್ಣಿಗೆ ಕನ್ನಡಕ ಇರಬೇಕು. ಹೊಲಿಗೆಯ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ. ಒಂದನ್ನು ಬೂದಿಯಲ್ಲಿ ಹುಗಿದು ನಿಧಾನವಾಗಿ ಆರಲು ಬಿಡಿ, ಅದು ತಂತಿಯ ಹಾಗೆ ಬಾಗುತ್ತದೆ. ಇನ್ನೊಂದನ್ನು ಕೆಂಪಗಿರುವಾಗಲೇ ನೀರಿಗೆ ಅದ್ದಿ, ಅದು ಬಾಗಿಸಿದೊಡನೆ ಪಟ್ಟನೆ ಮುರಿಯುತ್ತದೆ. ಮೂರನೆಯದನ್ನು ನೀರಿಗೆ ಅದ್ದಿ, ಮರಳುಕಾಗದದಿಂದ ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಕಾಯಿಸಿ. ಮೈ ಮೊದಲು ಹುಲ್ಲಿನ ಹಳದಿಗೆ, ಅನಂತರ ಕಂದು ಬಣ್ಣಕ್ಕೆ, ಕೊನೆಗೆ ನೀಲಿಗೆ ತಿರುಗುವುದು ಕಾಣುತ್ತದೆ. ನೀಲಿಯಲ್ಲಿ ನಿಲ್ಲಿಸಿ ಆರಿಸಿದರೆ ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಉಕ್ಕು ಮೂರರಲ್ಲೂ ಒಂದೇ, ಶಾಖ ಕೊಟ್ಟ ರೀತಿ ಮಾತ್ರ ಬೇರೆ. ಊರಿನ ಕಮ್ಮಾರರು ಕತ್ತಿಗೆ ಹದ ಕೊಡುವುದು ಇದೇ ಬಣ್ಣ ನೋಡಿಕೊಂಡು.

ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಬೈಂಡಿಂಗ್ ವೈರನ್ನು ಒಂದೇ ಜಾಗದಲ್ಲಿ ಆಚೀಚೆ ಬಾಗಿಸಿ ತುಂಡಾಗುವವರೆಗೆ ಎಣಿಸುವ ಪ್ರಯೋಗವನ್ನೂ ಸೇರಿಸಿಕೊಳ್ಳಿ. ಕಡಿಮೆ ಕೋನಕ್ಕೆ ಬಾಗಿಸಿದರೆ ಎಣಿಕೆ ಹೆಚ್ಚುತ್ತದೆ. ಲೋಹದ ದಣಿವನ್ನು ತೋರಿಸಲು ಅಷ್ಟು ಸಾಕು, ಖರ್ಚೂ ಇಲ್ಲ.

ವಿದ್ಯುತ್ ಮಾರ್ಗದ ಕೆಲಸದವನು, ರಿಪ್ಪನ್‌ಪೇಟೆ

ಮೇಡಂ ಕೇಳಿದ ಪಂಪ್‌ಸೆಟ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ದಿನವೂ ಎದುರಿಸುವ ವಿಷಯ ಅದು.

ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗಿನ ತಂತಿಗೂ ರೋಧ, ಅಂದರೆ ಕರೆಂಟಿನ ಹರಿವಿಗೆ ಒಡ್ಡುವ ತಡೆ, ಇರುತ್ತದೆ. ತೋಟದ ಕೊನೆಯ ಮನೆಗೆ ಹೋಗಿ ಬರುವ ತಂತಿಯ ರೋಧ ಒಂದು ಓಮ್ ಎಂದಿಟ್ಟುಕೊಳ್ಳಿ. ಒಂದು ಎಚ್‌ಪಿ ಮೋಟಾರು ಓಡುವಾಗ 6 ಆಂಪಿಯರ್ ಎಳೆಯುತ್ತದೆ ಎಂದಾದರೆ ತಂತಿಯಲ್ಲೇ 6 ವೋಲ್ಟ್ ಕಳೆಯುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ನಿಂತಿರುವ ಮೋಟಾರು ತಿರುಗಲು ಆರಂಭಿಸುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 30 ಆಂಪಿಯರ್ ಎಂದರೆ 30 ವೋಲ್ಟ್ ತಂತಿಯಲ್ಲೇ ಹೋಯಿತು. ಮನೆಗೆ 230ರ ಬದಲು 200 ಮಾತ್ರ ಸಿಕ್ಕಿತು. ಮೋಟಾರು ವೇಗ ಹಿಡಿದ ಮೇಲೆ ಎಲ್ಲವೂ ಸರಿಹೋಗುತ್ತದೆ. ಮಕ್ಕಳು ಬಾಯಿಪಾಠ ಮಾಡಿದ ಓಮನ ನಿಯಮ ಇಲ್ಲಿ ತಂತಿಗೆ ಅನ್ವಯಿಸುತ್ತದೆ, ಅವರು ಬಲ್ಬಿಗೆ ಮಾತ್ರ ಅನ್ವಯಿಸಲು ನೋಡುವುದರಿಂದ ಉತ್ತರ ಹೊಳೆಯುವುದಿಲ್ಲ.

ತರಗತಿಯಲ್ಲಿ ತೋರಿಸುವುದು ಸುಲಭ. ಎರಡು ಟಾರ್ಚ್ ಸೆಲ್, ಉದ್ದನೆಯ ತೆಳ್ಳಗಿನ ತಂತಿ, ಅದರ ತುದಿಯಲ್ಲಿ ಟಾರ್ಚಿನ ಹಳೆಯ ತಂತುವಿನ ಬಲ್ಬು ಮತ್ತು ಆಟಿಕೆಯ ಸಣ್ಣ ಮೋಟಾರನ್ನು ಸಮಾಂತರವಾಗಿ ಜೋಡಿಸಿ. ಮೋಟಾರು ಓಡುತ್ತಿರುವಾಗ ಅದರ ಅಕ್ಷವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೆ ಬಲ್ಬು ಮಂಕಾಗುತ್ತದೆ, ಬಿಟ್ಟರೆ ಮತ್ತೆ ಬೆಳಗುತ್ತದೆ. ಎಲ್ಲವನ್ನೂ ಸೆಲ್‌ನಿಂದಲೇ ಮಾಡಬೇಕು. ಮನೆಯ ಪ್ಲಗ್ಗಿನ ವಿದ್ಯುತ್ತಿನಲ್ಲಿ ಯಾವ ಪ್ರಯೋಗಕ್ಕೂ ಮಕ್ಕಳ ಕೈ ಹಾಕಿಸಬಾರದು.

ಗೃಹಿಣಿ, ಶೃಂಗೇರಿ

ನಮ್ಮ ಮನೆಯಲ್ಲಿ ಈಗ ಎಲ್ಲ ಎಲ್‌ಇಡಿ ಬಲ್ಬುಗಳೇ ಇವೆ, ಪಂಪ್ ಹಾಕಿದಾಗ ಅವು ಅಷ್ಟಾಗಿ ಮಂಕಾಗುವುದಿಲ್ಲವಲ್ಲ?

ವಿದ್ಯುತ್ ಮಾರ್ಗದ ಕೆಲಸದವನು, ರಿಪ್ಪನ್‌ಪೇಟೆ

ಸರಿಯಾಗಿ ಗಮನಿಸಿದ್ದೀರಿ. ಒಳ್ಳೆಯ ಎಲ್‌ಇಡಿ ಬಲ್ಬಿನ ಒಳಗಿರುವ ಸರ್ಕ್ಯೂಟು ವೋಲ್ಟೇಜ್ ಇಳಿದರೂ ದೀಪಕ್ಕೆ ಹೋಗುವ ಕರೆಂಟನ್ನು ಒಂದೇ ಸಮನೆ ಇಡುತ್ತದೆ. ಅಗ್ಗದ ಬಲ್ಬುಗಳಲ್ಲಿ ಅಂತಹ ವ್ಯವಸ್ಥೆ ಇರುವುದಿಲ್ಲ, ಅವು ಮಿಣುಕುತ್ತವೆ. ಕೊಪ್ಪದವರು ಹೇಳಿದ ನಿಯಂತ್ರಣದ ಪೆಟ್ಟಿಗೆಯ ಕೆಲಸವೇ ಇಲ್ಲಿ ಬಲ್ಬಿನೊಳಗೆ ಸಣ್ಣದಾಗಿ ನಡೆಯುತ್ತಿರುತ್ತದೆ. ಅದಕ್ಕೇ ಪ್ರಯೋಗಕ್ಕೆ ತಂತುವಿನ ಬಲ್ಬು ಬೇಕು ಎಂದದ್ದು.

ಹಾಗೆಯೇ ಟ್ರಾನ್ಸ್‌ಫಾರ್ಮರ್ ಏಕೆ ಬೇಕು ಎಂಬುದನ್ನೂ ಇಲ್ಲೇ ಹೇಳಿಬಿಡಿ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಸಾಗಿಸಿದರೆ ಕರೆಂಟ್ ಹತ್ತನೇ ಒಂದು ಭಾಗವಾಗುತ್ತದೆ, ತಂತಿಯ ಬಿಸಿಯಲ್ಲಿ ಕಳೆಯುವ ಶಕ್ತಿ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮುಖ್ಯ ಶಿಕ್ಷಕ, ಚಿಕ್ಕಮಗಳೂರು ಜಿಲ್ಲೆ

ಚರ್ಚೆ ಚೆನ್ನಾಗಿದೆ, ಆದರೆ ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ನಾವು. ಪಾಠ ಮುಗಿಸಲೇ ಸಮಯ ಸಾಲದಿರುವಾಗ ಹಳ್ಳಕ್ಕೆ ಹೋಗಿ ಡ್ರಮ್ ತುಂಬಿಸುವ ಬಿಡುವು ಎಲ್ಲಿದೆ?

ನಿವೃತ್ತ ಇಂಜಿನಿಯರ್, ಸಾಗರ

ಸರ್, ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಬರುವ ಸಾಮರ್ಥ್ಯದ ಲೆಕ್ಕ, ಯೂನಿಟ್ ಲೆಕ್ಕ, ರೋಧಗಳ ಸಮಾಂತರ ಜೋಡಣೆ ಇವೆಲ್ಲ ಮೇಲಿನ ಪ್ರಯೋಗಗಳಲ್ಲಿ ಬಂದುಹೋಗಿವೆ. ಎಂಟರಲ್ಲಿ ಮಾಡಿದ ಮಗುವಿಗೆ ಹತ್ತರಲ್ಲಿ ಆ ಪಾಠಕ್ಕೆ ಅರ್ಧ ಸಮಯ ಸಾಕು.

ಮೆಕ್ಯಾನಿಕಲ್ ವಿದ್ಯಾರ್ಥಿನಿ, ಶಿವಮೊಗ್ಗ

ಸೇತುವೆಯ ಬಗ್ಗೆ ಯಾರೂ ಮಾತಾಡಿಲ್ಲ! ನಮ್ಮ ಅಜ್ಜಿಮನೆ ಶರಾವತಿ ಹಿನ್ನೀರಿನ ಆಚೆ ಇದೆ. ಲಾಂಚ್‌ನಲ್ಲಿ ಬಸ್ಸನ್ನೂ ಜೀಪನ್ನೂ ಏರಿಸಿಕೊಂಡು ದಾಟುತ್ತಿದ್ದವರು ನಾವು. ಬಸ್ಸು ಏರಿದಾಗ ಲಾಂಚು ನೀರಿನಲ್ಲಿ ಎಷ್ಟು ಕೆಳಗಿಳಿಯಿತು ಎಂದು ನೋಡುವುದೇ ಆರ್ಕಿಮಿಡೀಸನ ತತ್ತ್ವದ ಪಾಠ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಈಗ ಮಕ್ಕಳಿಗೆ ಬಲದ ಪಾಠಕ್ಕೆ ಅದಕ್ಕಿಂತ ದೊಡ್ಡ ಮಾದರಿ ಬೇಕಿಲ್ಲ. ಅಂತಹ ತೂಗುಸೇತುವೆಯಲ್ಲಿ ಹಗ್ಗ ಎಳೆತವನ್ನು ಹೊರುತ್ತದೆ, ಕಂಬ ಒತ್ತುವ ಬಲವನ್ನು ಹೊರುತ್ತದೆ.

ಡಿಪ್ಲೊಮಾ ವಿದ್ಯಾರ್ಥಿ, ಭದ್ರಾವತಿ

ಅದು ತೂಗುಸೇತುವೆಯಲ್ಲ ಅಕ್ಕ. ತೂಗುಸೇತುವೆಯಲ್ಲಿ ಎರಡು ದಡಗಳ ನಡುವೆ ಇಳಿಬಿದ್ದ ಮುಖ್ಯ ಹಗ್ಗವಿದ್ದು, ಅದರಿಂದ ಸಣ್ಣ ಹಗ್ಗಗಳು ನೇರವಾಗಿ ಕೆಳಗಿಳಿದು ಸೇತುವೆಯ ಹಾಸನ್ನು (ಜನ, ವಾಹನ ಸಾಗುವ ಮೇಲ್ಮೈಯನ್ನು) ಹಿಡಿದಿರುತ್ತವೆ. ಮುಖ್ಯ ಹಗ್ಗದ ತುದಿಗಳನ್ನು ದಡದಲ್ಲಿ ಬಲವಾಗಿ ಹೂಳಿರಬೇಕು. ಸಿಗಂದೂರಿನಲ್ಲಿ ಕೇಬಲ್‌ಗಳು ಕಂಬದಿಂದ ಓರೆಯಾಗಿ ಇಳಿದು ಸೇತುವೆಯ ಹಾಸನ್ನೇ ಬಂದು ಸೇರುತ್ತವೆ. ಕಂಬದ ಎರಡೂ ಬದಿಯ ಎಳೆತ ಒಂದನ್ನೊಂದು ಸರಿದೂಗಿಸುತ್ತದೆ.

ಮೆಕ್ಯಾನಿಕಲ್ ವಿದ್ಯಾರ್ಥಿನಿ, ಶಿವಮೊಗ್ಗ

ಈ ವ್ಯತ್ಯಾಸವನ್ನೇ ಮಕ್ಕಳು ಕೈಯಿಂದ ತಿಳಿಯಬೇಕು. ಎರಡು ಕುರ್ಚಿಗಳ ಬೆನ್ನಿಗೆ ಹಗ್ಗ ಕಟ್ಟಿ ನಡುವೆ ಭಾರ ತೂಗುಹಾಕಿದರೆ ಕುರ್ಚಿಗಳು ಒಳಕ್ಕೆ ವಾಲುತ್ತವೆ. ಹಗ್ಗದ ತುದಿಗಳನ್ನು ಕುರ್ಚಿಯ ಆಚೆಗೆ ಎಳೆದು ಇಟ್ಟಿಗೆಗೆ ಕಟ್ಟಿದರೆ ನಿಲ್ಲುತ್ತವೆ. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು ಹಳ್ಳಿಗಳಿಗಾಗಿ ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ತೂಗುಸೇತುವೆಯ ಮಾದರಿಯಲ್ಲೇ ಕಟ್ಟಿದರು, 2017ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಮಳೆಗಾಲದ ಹೊಳೆಯ ನಡುವೆ ಕಂಬ ನಿಲ್ಲಿಸದೆ ದಾಟಬೇಕು, ಜನ ಮಾತ್ರ ನಡೆಯಬೇಕು, ಖರ್ಚು ಕಡಿಮೆ ಇರಬೇಕು ಎಂಬ ನಿರ್ಬಂಧಗಳಿಗೆ ಆ ಮಾದರಿ ಹೊಂದುತ್ತದೆ. ಬಸ್ಸು ಓಡಬೇಕಾದ ಹಿನ್ನೀರಿಗೆ ಬೇರೆ ಮಾದರಿ ಬೇಕಾಯಿತು. ಚಕ್ರಗಳ ವಿಷಯದಲ್ಲಿ ಸಾಗರದ ಸರ್ ಹೇಳಿದ್ದೂ ಇದನ್ನೇ.

ಗೃಹಿಣಿ, ಶೃಂಗೇರಿ

ನನ್ನದೊಂದು ಮಾತು. ಯಂತ್ರ ಮಾಡುವವರು ಅದನ್ನು ಬಳಸುವವರನ್ನು ಕೇಳುವುದೇ ಇಲ್ಲ. ನಾವು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿದವರು, ಈಗ ಸುಲಿಯುವ ಯಂತ್ರ ಬಂದಿದೆ, ಒಳ್ಳೆಯದೇ ಆಯಿತು. ಆದರೆ ದೊಡ್ಡ ಕಾಯಿಗೆ ಹೊಂದಿಸಿದರೆ ಸಣ್ಣ ಕಾಯಿ ಸಿಪ್ಪೆಯ ಸಮೇತ ಹೊರಬೀಳುತ್ತದೆ, ಸಣ್ಣದಕ್ಕೆ ಹೊಂದಿಸಿದರೆ ದೊಡ್ಡದರ ಅಡಿಕೆಗೇ ಗಾಯವಾಗುತ್ತದೆ. ಕೊನೆಗೆ ಉಳಿದದ್ದನ್ನು ಆರಿಸಿ ಮತ್ತೆ ಮೆಟ್ಟುಗತ್ತಿಯಲ್ಲಿ ಸುಲಿಯುವುದು ನಮ್ಮ ಪಾಲಿಗೇ ಬರುತ್ತದೆ. ಒಂಬತ್ತನೇ ತರಗತಿಯ ನನ್ನ ಮಗಳು ಮೊದಲು ಗಾತ್ರದ ಮೇಲೆ ಜರಡಿ ಹಿಡಿದು ಬೇರ್ಪಡಿಸಿದರೆ ಹೇಗೆ ಎಂದು ಕೇಳಿದಳು. ಈ ಪ್ರಶ್ನೆಗೆ ಶಾಲೆಯಲ್ಲಿ ಜಾಗ ಸಿಗಬೇಕು.

ತೋಟದ ಮನೆ, ಕೊಪ್ಪ

ಸಿಗಲೇಬೇಕು. ಒಂದು ಬುಟ್ಟಿ ಅಡಿಕೆಕಾಯಿಯ ಅಗಲವನ್ನು ಮಕ್ಕಳು ಒಂದೊಂದಾಗಿ ಅಳೆದು, ಯಾವ ಗಾತ್ರದವು ಎಷ್ಟಿವೆ ಎಂದು ನಕ್ಷೆ ಬರೆಯಲಿ. ಜರಡಿಯ ತೂತಿನ ಅಳತೆ ಎಷ್ಟಿರಬೇಕು ಎಂಬುದು ಆ ನಕ್ಷೆಯಿಂದಲೇ ಗೊತ್ತಾಗುತ್ತದೆ. ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠಕ್ಕೂ ಅದು ಸಲ್ಲುತ್ತದೆ. ವಸ್ತುವಿನ ವಿಷಯಕ್ಕೆ ದೋಟಿಯನ್ನೂ (ಮರದ ಮೇಲಿನ ಅಡಿಕೆಗೆ ಎಟಕುವ ಉದ್ದನೆಯ ಕೋಲನ್ನೂ) ಸೇರಿಸಿ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದ ಮೇಲೇ ನಿಂತು ಅಡಿಕೆಗೊನೆ ಕೊಯ್ಯುವುದು, ಕೊಳೆರೋಗಕ್ಕೆ ಔಷಧ ಹೊಡೆಯುವುದು ಸಾಧ್ಯವಾಗಿದೆ. ಅಷ್ಟುದ್ದದ ಕೋಲು ಹಗುರವೂ ಇರಬೇಕು, ಬಳುಕಲೂಬಾರದು. ಕಬ್ಬಿಣ ಭಾರ, ಪ್ಲಾಸ್ಟಿಕ್ ಪೈಪು ಬಳುಕುತ್ತದೆ.

ವಿದ್ಯುತ್ ಮಾರ್ಗದ ಕೆಲಸದವನು, ರಿಪ್ಪನ್‌ಪೇಟೆ

ದೋಟಿಯ ಮಾತು ಬಂದದ್ದರಿಂದ ಇದನ್ನು ಹೇಳದೆ ಇರಲಾರೆ. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ಕಿನ ಹಾಗಿದ್ದರೂ ವಿದ್ಯುತ್ತನ್ನು ಹರಿಸುತ್ತದೆ. ಅಲ್ಯೂಮಿನಿಯಂ ದೋಟಿಯಂತೂ ಸರಿಯೇ ಸರಿ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ಯಾವ ದೋಟಿಯನ್ನೂ ಅದರ ಹತ್ತಿರ ಎತ್ತಬಾರದು. ಮಳೆಗಾಲದಲ್ಲಿ ಮರ ಬಿದ್ದು ತಂತಿ ನೆಲಕ್ಕೆ ಬಂದಿದ್ದರೆ ಕರೆಂಟ್ ಹೋಗಿದೆ ಎಂದು ಭಾವಿಸಿ ಹತ್ತಿರ ಹೋಗಬಾರದು. ಒದ್ದೆ ನೆಲದಲ್ಲಿಯೂ ವಿದ್ಯುತ್ ಹರಿಯುತ್ತಿರಬಹುದು. ಸುರಕ್ಷತೆಯನ್ನು ಕೊನೆಯ ಪಾಠವಾಗಿ ಇಡದೆ ಪ್ರತಿ ಪ್ರಯೋಗದ ಮೊದಲ ಸಾಲಾಗಿ ಇಡಬೇಕೆಂದು ನನ್ನ ವಿನಂತಿ.

ಬೆಂಗಳೂರಿನಲ್ಲಿರುವ ತೀರ್ಥಹಳ್ಳಿಯವನು

ಕ್ರಮದ ಬಗ್ಗೆ ಮೇಡಂ ಹೇಳಿದ್ದು ಸರಿ ಎಂದು ಒಪ್ಪುತ್ತೇನೆ, ಆದರೆ ಸಂವೇದಕವನ್ನು ವರ್ಷದ ಕೊನೆಗೆ ತಳ್ಳಬೇಡಿ ಎಂಬ ನನ್ನ ಮಾತನ್ನು ಬಿಡುವುದಿಲ್ಲ. ಎರಡನ್ನೂ ಕೂಡಿಸುವ ಒಂದು ಕೆಲಸ ಸೂಚಿಸುತ್ತೇನೆ: ಮಳೆ ಅಳೆಯುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಇಂತಹ ಸೀಮೆಯ ಮಕ್ಕಳು ಮಳೆಯನ್ನು ಅಳೆಯದಿದ್ದರೆ ಇನ್ಯಾರು ಅಳೆಯಬೇಕು?

ಮೊದಲು ನೇರ ಗೋಡೆಯ ಡಬ್ಬಿ ಮತ್ತು ಅಳತೆಪಟ್ಟಿ ಇಟ್ಟು ಕೈಯಿಂದ ಅಳೆಯಲಿ. ಶಾಲೆಯ ಮಾಡು 100 ಚದರ ಮೀಟರ್ ಇದ್ದರೆ ಒಂದು ಮಿಲಿಮೀಟರ್ ಮಳೆಗೆ 100 ಲೀಟರ್ ನೀರು ಎಂದು ಲೆಕ್ಕ ಹಾಕಲಿ. ಅನಂತರ ಪೆಟ್ಟಿಗೆಯ ಬೋರ್ಡ್ ಬಳಸಿ ಮಗುಚುವ ಬಟ್ಟಲಿನ ಮಳೆಮಾಪಕ ಮಾಡಲಿ. ಎರಡು ಪುಟ್ಟ ಬಟ್ಟಲುಗಳು ಸನ್ನೆಯ ಮೇಲೆ ಕುಳಿತಿರುತ್ತವೆ, ಒಂದು ತುಂಬಿ ಮಗುಚಿದಾಗ ಇನ್ನೊಂದು ಮೇಲೆ ಬರುತ್ತದೆ, ಪ್ರತಿ ಸಲವೂ ಅಯಸ್ಕಾಂತವೊಂದು ಸ್ವಿಚ್ಚನ್ನು ದಾಟುತ್ತದೆ, ಬೋರ್ಡು ಎಣಿಸುತ್ತದೆ. ಬಟ್ಟಲಿಗೆ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಸಿರಿಂಜಿನಿಂದ ತುಂಬಿಸಿ ಮೊದಲೇ ನಿರ್ಧರಿಸಿಕೊಳ್ಳಬೇಕು. ಎರಡೂ ಮಾಪಕಗಳನ್ನು ಅಂಗಳದಲ್ಲಿ ಅಕ್ಕಪಕ್ಕ ಇಡಿ. ಸೋನೆಮಳೆಯಲ್ಲಿ ಎರಡರ ಅಂಕಿಯೂ ಹತ್ತಿರ ಬರುತ್ತದೆ. ಜಡಿಮಳೆಯಲ್ಲಿ ಬಟ್ಟಲು ಮಗುಚುತ್ತಿರುವಾಗಲೂ ನೀರು ಬೀಳುತ್ತಲೇ ಇರುವುದರಿಂದ ಒಂದಿಷ್ಟು ಎಣಿಕೆಗೆ ಸಿಗದೆ ಹೋಗುತ್ತದೆ, ಯಂತ್ರ ಕಡಿಮೆ ತೋರಿಸುತ್ತದೆ. ಮೇಡಂ ಬಯಸಿದ ಪ್ರಶ್ನೆ ಅಲ್ಲಿ ತಾನಾಗಿ ಹುಟ್ಟುತ್ತದೆ, ಅದಕ್ಕೆ ತಿದ್ದುಪಡಿಯನ್ನು ಕೋಡ್‌ನಲ್ಲಿ ಬರೆಯುವಾಗ ತಂತ್ರಾಂಶದ ಉಪಯೋಗವೂ ತಿಳಿಯುತ್ತದೆ.

ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಮಳೆಮಾಪಕವನ್ನು ಖಂಡಿತ ತೆಗೆದುಕೊಳ್ಳುತ್ತೇನೆ, ಪಟ್ಟಿಗೆ ವಸ್ತುವನ್ನೂ ವಿನ್ಯಾಸವನ್ನೂ ಸೇರಿಸುತ್ತೇನೆ. ಕೊಪ್ಪದವರಲ್ಲಿ ಒಂದು ಪ್ರಶ್ನೆ. ನಮ್ಮ ಶಾಲೆಗೂ ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ನೀರು ಬರುತ್ತದೆ. ದಾರಿಯುದ್ದಕ್ಕೂ ದಟ್ಟ ಕಾಡು, ನಳಿಕೆ ಹಿಡಿದು ಮಕ್ಕಳನ್ನು ಕರೆದುಕೊಂಡು ಇಳಿಯುವುದು ಕಷ್ಟ. ಎತ್ತರವನ್ನು ಶಾಲೆಯಲ್ಲೇ ಕುಳಿತು ಕಂಡುಹಿಡಿಯಲು ಸಾಧ್ಯವೇ?

ತೋಟದ ಮನೆ, ಕೊಪ್ಪ

ಸಾಧ್ಯವಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪ್ರೆಷರ್ ಗೇಜನ್ನು ಪೈಪಿನ ಕೆಳತುದಿಗೆ ವಾಲ್ವಿನ ಹಿಂದೆ ಕೂರಿಸಿ. ವಾಲ್ವನ್ನು ಪೂರ್ತಿ ಮುಚ್ಚಿದಾಗ ಗೇಜ್ ಒಂದು ಬಾರ್ ತೋರಿಸಿದರೆ ನೀರಿನ ಎತ್ತರ ಸುಮಾರು 10 ಮೀಟರ್, ಎರಡು ಬಾರ್ ಇದ್ದರೆ ಸುಮಾರು 20. ಪೈಪು ಎಷ್ಟು ಅಂಕುಡೊಂಕಾಗಿ ಬಂದಿದ್ದರೂ ಈ ಅಂಕಿ ಬದಲಾಗುವುದಿಲ್ಲ, ಎತ್ತರವೊಂದೇ ಮುಖ್ಯ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ, ಆದ್ದರಿಂದ ಮೊದಲು ಸ್ವಲ್ಪ ಹೊತ್ತು ನೀರು ಬಿಟ್ಟು ಗಾಳಿ ಹೋದ ಮೇಲೆ ಮುಚ್ಚಿ.

ಆಮೇಲೆ ವಾಲ್ವನ್ನು ಮೆಲ್ಲಗೆ ತೆರೆಯಿರಿ. ನೀರು ಹರಿಯತೊಡಗಿದಂತೆ ಮುಳ್ಳು ಇಳಿಯುತ್ತದೆ. ಇಳಿದಷ್ಟರಲ್ಲಿ ಬಹುಪಾಲು ಪೈಪಿನೊಳಗಿನ ಘರ್ಷಣೆಯಲ್ಲಿ ಕಳೆದದ್ದು. ಪೈಪಿನ ಒಳವ್ಯಾಸವನ್ನು ಅರ್ಧ ಮಾಡಿ ಅಷ್ಟೇ ನೀರು ಹರಿಸಬೇಕೆಂದರೆ ಆ ನಷ್ಟ ಸುಮಾರು 32 ಪಟ್ಟಾಗುತ್ತದೆ. ನಮ್ಮ ಕಡೆ ಹಣ ಉಳಿಸಲೆಂದು ಸಣ್ಣ ಪೈಪು ಎಳೆದು ಆಮೇಲೆ ನೀರು ಬರುತ್ತಿಲ್ಲ ಎನ್ನುವವರು ಬಹಳ. ನೀವು ವಾಲ್ವನ್ನು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ತೆರೆದು, ಪ್ರತಿ ಸಲವೂ ಗೇಜಿನ ಅಂಕಿಯನ್ನೂ ಡ್ರಮ್ ತುಂಬಿದ ಸಮಯವನ್ನೂ ಬರೆಸಿ ನಕ್ಷೆ ಮಾಡಿಸಿ. ಗೇಜು ನಾಲ್ಕು ಬಾರ್‌ವರೆಗಿನದೇ ಇರಲಿ, ಹತ್ತು ಬಾರ್‌ನದು ತಂದರೆ ಸಣ್ಣ ವ್ಯತ್ಯಾಸ ಓದಲು ಬರುವುದಿಲ್ಲ.